ರಾತ್ರಿ ಕಳೆದ ಲಿಂಕು

ಆ ಶನಿವಾರ ಬೆಳಿಗ್ಗೆ ನನ್ನ ಸಡಗರ ನೋಡಿದ್ದರೆ ನನಗೇ ಮದುವೆ ಅಂದುಕೊಳ್ಳುತ್ತಿದ್ದಿರಿ. ಮದುವೆಯ ದಿನ ಕೂಡ ನನಗೆ ಅಷ್ಟು ಖುಷಿಯಾಗಿರಲಿಲ್ಲ. ಇದನ್ನು ಗಂಡನ ಎದುರಿಗೇ ಹೇಳಿದ್ದೇನೆ, ಕದ್ದುಮುಚ್ಚಿ ಅಲ್ಲ. ನಮ್ಮೂರ ಸಂತೆ ಕಮಿಟಿಗೆ ನಾನು ಕಟ್ಟಿಕೊಟ್ಟ ವೆಬ್‌ಸೈಟು ಅವತ್ತು ತೆರೆಯುವುದಿತ್ತು. ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು, ಕೀಬೋರ್ಡಿನ ಮೇಲೆ ಕೂರುವ ರಾಗಿಹಿಟ್ಟನ್ನು ಊದಿ ಊದಿ ಕೆಲಸ ಮಾಡಿದವಳು ನಾನು. ಊರಿನ ಹೊಸ ಸಂತೆಕಟ್ಟೆಯಲ್ಲಿ ಯಾರು ಎಲ್ಲಿ ಕೂರಬೇಕು ಅನ್ನುವುದು ಇನ್ನು ನನ್ನ ಕೋಣೆಯಿಂದಲೇ ತೀರ್ಮಾನವಾಗುವುದಿತ್ತು. ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನಮ್ಮೂರಲ್ಲಿ ಕೊಟ್ಟ ಮಾತು ಮರುದಿನ ನಸುಕಿಗೆ ಕೊಟ್ಟವರ ಬಾಗಿಲಿಗೆ ವಾಪಸು ಬರುತ್ತದೆ. ಸಾರಿಗೆ ಉಪ್ಪು ಹಾಕು, ಬಾಗಿಲು ಮುಂದಕ್ಕೆ ಮಾಡು ಅನ್ನುವಂಥವು ಬರುವುದಿಲ್ಲ. ಕೊಡುತ್ತೇನೆ, ಕೊಳ್ಳುತ್ತೇನೆ, ಮಗಳನ್ನು ನಿಮ್ಮ ಮನೆಗೇ ಕೊಟ್ಟೆ, ಈ ಜಾಗ ನನಗೆ ಬೇಕು, ಇಂಥವು ಬರುತ್ತವೆ. ನಿಮ್ಮದೇ ದನಿಯಲ್ಲಿ, ನಿನ್ನೆ ಆಡಿದಷ್ಟೇ ಗಟ್ಟಿಯಾಗಿ, ಹೊಸ್ತಿಲಾಚೆಯಿಂದ ಕೇಳಿಸುತ್ತವೆ. ಆಗ ಬಾಗಿಲು ತೆಗೆದು ‘ನನ್ನದೇ’ ಅಂದು ಹೊಸ್ತಿಲಿಗೆ ಒಂದು ಚೊಂಬು ನೀರು ಹಾಕಿದರೆ ಮಾತು ನಿಂತಿತು. ಮಧ್ಯಾಹ್ನದೊಳಗೆ ಅನ್ನದಿದ್ದರೆ ಬಿದ್ದುಹೋಯಿತು. ಒಬ್ಬರ ಮಾತಿಗೆ ಇನ್ನೊಬ್ಬರು ‘ನನ್ನದೇ’ ಅನ್ನುವಂತಿಲ್ಲ. ಹೆಂಡದಂಗಡಿಯಲ್ಲಿ ಕೂತು ಹಸು ದಾನ ಮಾಡಿದವರು ಮರುದಿನ ಕಿವಿಗೆ ಹತ್ತಿ ತುರುಕಿಕೊಂಡು ಮಧ್ಯಾಹ್ನದವರೆಗೆ ಮುಸುಕು ಹೊದ್ದು ಮಲಗುತ್ತಾರೆ. ಹೆಣ್ಣಿನ ಮಾತಾಡಿದ ಮನೆಯ ಮುಂದೆ ಬೀಗರು ಬೆಳಕು ಹರಿಯುವ ಮೊದಲೇ ಬಂದು ಜಗುಲಿಯಲ್ಲಿ ಕೂರುತ್ತಾರೆ, ಅಕ್ಕಪಕ್ಕದವರು ಅವರಿಗೆ ಕಾಫಿ ಕೊಡುತ್ತಾರೆ. ಹೊರಗಿನವರಿಗೆ ಇದು ಸೋಜಿಗ. ನಮಗೆ ಹಾಲಿನವನು ಬಂದ ಹಾಗೆ.

ಇಂಥ ಊರಿನಲ್ಲಿ ದೇವೀರಕ್ಕನಿಗೆ ದನಿ ಇರಲಿಲ್ಲ. ಸಂತೆಯಲ್ಲಿ ನಿಪ್ಪಟ್ಟು ಕರಿಯುವ ದೇವೀರಕ್ಕ ಅಂದರೆ ಆಸುಪಾಸಿನ ಊರಿಗೆಲ್ಲ ಗೊತ್ತು. ಗಂಡ ತೀರಿಕೊಂಡ ಮೇಲೂ ಅದೇ ಮನೆಯಲ್ಲಿ ಮೈದುನ ತಿಪ್ಪೇಸ್ವಾಮಿಯ ಸಂಸಾರದ ಜತೆಗಿದ್ದಳು; ಅವಳ ಕೋಣೆಗೂ ಅವನ ಕೋಣೆಗೂ ಓಣಿಗೆ ಬೇರೆ ಬೇರೆ ಬಾಗಿಲು. ಎಷ್ಟೋ ವರ್ಷಗಳ ಹಿಂದೆ ಗಂಟಲಿಗೆ ಆಪರೇಷನ್ ಆಯಿತು. ಆಸ್ಪತ್ರೆಗೆ ಹೋಗುವ ಹಿಂದಿನ ಸಂಜೆ ಅವಳು ಸಂತೆಯಲ್ಲಿ ನಿಂತು, ಏನೇ ಆಗಲಿ ಈ ಜಾಗ ನನ್ನದು, ನಾನೇ ನಡೆಸುತ್ತೇನೆ ಅಂದಿದ್ದಳು. ಮರುದಿನ ಆ ಮಾತು ಮನೆ ಬಾಗಿಲಿಗೆ ಬಂತು. ಅವಳು ಆಸ್ಪತ್ರೆಯ ಮಂಚದ ಮೇಲಿದ್ದಳು. ಓಣಿಯವರೆಲ್ಲ ಕೇಳಿಸಿಕೊಂಡರು, ಯಾರೂ ಏನೂ ಮಾಡುವಂತಿರಲಿಲ್ಲ. ಮಧ್ಯಾಹ್ನಕ್ಕೆ ಮಾತು ಬಿತ್ತು. ಅಂದಿನಿಂದ ಜಾಗ ತಿಪ್ಪೇಸ್ವಾಮಿಯ ಮಾತಿನಲ್ಲಿತ್ತು, ಒಲೆ ಮಾತ್ರ ದೇವೀರಕ್ಕನ ಪಾಲಿಗೆ. ಬರೆದುಕೊಟ್ಟರೆ ಸಾಲದೇ ಅಂತ ಹೊರಗಿನವರು ಕೇಳುತ್ತಾರೆ. ಸ್ಲೇಟಿನಲ್ಲಿ ಬರೆದದ್ದು ಸ್ಲೇಟಿನಲ್ಲೇ ಇರುತ್ತದೆ. ಅದು ವಾಪಸು ಬರುವುದಿಲ್ಲ, ವಾಪಸು ಬಾರದ್ದನ್ನು ನಮ್ಮವರು ಮಾತು ಅನ್ನುವುದಿಲ್ಲ.

ಈಗ ಹೊಸ ಸಂತೆಕಟ್ಟೆ ಆಗಿ ಜಾಗಗಳನ್ನು ಹೊಸದಾಗಿ ಹಂಚುವುದಿತ್ತು. ಅವಳು ಇಷ್ಟು ವರ್ಷ ಕೂತ ಬಾವಿ ಮಗ್ಗುಲಿನ ಜಾಗವನ್ನು ತಿಪ್ಪೇಸ್ವಾಮಿ ಮೊಬೈಲು ಕವರು ಮಾರುವವನಿಗೆ ವಹಿಸಲು ಮನಸ್ಸು ಮಾಡಿದ್ದ. ಎಣ್ಣೆಯ ಹೊಗೆ ತಿಂದದ್ದು ಸಾಕು, ಅತ್ತಿಗೆ ಇನ್ನು ಮನೆಯಲ್ಲಿ ಆರಾಮಾಗಿರಲಿ ಅನ್ನುತ್ತಿದ್ದ. ಆರಾಮು ಯಾರಿಗೆ ಬೇಕಾಗಿತ್ತು? ಅವಳು ನನ್ನ ಕೋಣೆಗೆ ಮೆಟ್ಟಿಲು ಹತ್ತಿ ಬಂದು ಸ್ಲೇಟು ತೋರಿಸಿದಳು. ‘ಆ ಜಾಗ ನನ್ನ ಹೆಸರಿಗೆ ಆಗಬೇಕು’ ಅಂತ ಬರೆದಿತ್ತು.

ವೆಬ್‌ಸೈಟಿನ ಮೊದಲ ಪ್ರಯೋಗ ಹಿಂದಿನ ತಿಂಗಳೇ ಮಾಡಿ ಕೈಸುಟ್ಟುಕೊಂಡಿದ್ದೆವು. ಹೊರ ಊರಿನ ವ್ಯಾಪಾರಿಗಳಿಗೂ ಜಾಗ ಕೊಡಬೇಕು, ಅವರ ಊರುಗಳಲ್ಲಿ ಮಾತು ವಾಪಸು ಬರುವುದಿಲ್ಲ. ಹಾಗಾಗಿ ಎಲ್ಲರೂ ಒಂದೇ ಕಡೆ ಹೆಸರು ಬರೆಸಲಿ ಅಂತ ಕಮಿಟಿಯವರೇ ಕೇಳಿದ್ದು. ಹೆಸರು, ಇಮೇಲು, ಬೇಕಾದ ಜಾಗ ಇಷ್ಟು ತುಂಬಿದರೆ ಆಯಿತು ಅಂತ ಮಾಡಿದ್ದೆ. ಒಂದೇ ದಿನದಲ್ಲಿ ಕುಲಗೆಟ್ಟುಹೋಯಿತು. ಸತ್ತವರ ಹೆಸರಿನಲ್ಲಿ ಜಾಗ ಕೇಳಿದರು. ಒಬ್ಬನೇ ಹತ್ತು ಹೆಸರು ಬರೆದ. ಮೂರು ಬೆರಳು ವಿಭೂತಿ ಹಚ್ಚುವ ಕಮಿಟಿ ಅಧ್ಯಕ್ಷ ಚನ್ನವೀರಯ್ಯನವರ ಹೆಸರಿನಲ್ಲಿ ಯಾರೋ ಒಣಮೀನಿನ ಅಂಗಡಿಗೆ ಅರ್ಜಿ ಹಾಕಿದರು. ಅಯ್ಯನವರು ನನ್ನ ಕೋಣೆಗೆ ಬಂದು ಕೂತು ಆ ಅರ್ಜಿಯನ್ನು ನನ್ನಿಂದ ಓದಿಸಿಕೊಂಡರು. ಆಮೇಲೆ ಹೇಳಿದರು: “ಇಂದುಮತಿ, ನಿನ್ನ ಪೆಟ್ಟಿಗೇಲಿ ಎಲ್ಲಾ ಐತೆ. ಹೇಳಿದೋರ ಬಾಗಿಲಿಗೆ ಮಾತು ವಾಪಸ್ ಹೋಗೋದೊಂದು ಇಲ್ಲ ನೋಡು.”

ಅವರು ಮೆಟ್ಟಿಲಿಳಿಯುವ ಮೊದಲೇ ನನಗೆ ಹೊಳೆದುಬಿಟ್ಟಿತ್ತು. ಇಮೇಲು ಅಂದರೆ ಮತ್ತೇನು, ಬಾಗಿಲು ತಾನೇ? ಹೆಸರು ಬರೆಸಿದ ಕೂಡಲೇ ಖಾತೆಯನ್ನು ‘ಬಾಕಿ’ ಅಂತ ಇಡಬೇಕು. ಯಾರೂ ಊಹಿಸಲಾಗದಂಥ ಉದ್ದನೆಯ ಗುರುತೊಂದನ್ನು ಕಂಪ್ಯೂಟರೇ ಹುಟ್ಟಿಸಿ, ಅದನ್ನು ಲಿಂಕಿನೊಳಗೆ ಕಟ್ಟಿ, ಅವರು ಕೊಟ್ಟ ವಿಳಾಸಕ್ಕೇ ಕಳಿಸಬೇಕು. ಆ ಬಾಗಿಲು ನಿಜವಾಗಿ ಯಾರದೋ ಅವರು ಮಾತ್ರ ಅದನ್ನು ಒತ್ತಬಲ್ಲರು. ಒತ್ತಿದರೆ ಖಾತೆ ಚಾಲ್ತಿಗೆ ಬಂತು, ಗುರುತು ಅಳಿಸಿಹೋಯಿತು, ಮತ್ತೊಮ್ಮೆ ಅದೇ ಲಿಂಕು ನಡೆಯುವುದಿಲ್ಲ. ಅಯ್ಯೋ, ಇದು ನಮ್ಮೂರಿನದೇ ಪದ್ಧತಿಯಲ್ಲವೇ ಅಂತ ನಾನೊಬ್ಬಳೇ ನಕ್ಕೆ. ಹೊರಗಿನ ಜಗತ್ತು ನಾವು ಎಂದಿನಿಂದಲೋ ಮಾಡುತ್ತಿದ್ದುದನ್ನು ಈಗ ಕಲಿತಿತ್ತು. ಅದಕ್ಕಿಂತ ದೊಡ್ಡ ವಿಷಯ ಆಮೇಲೆ ತಲೆಗೆ ಬಂತು, ಬಂದದ್ದೇ ಕುರ್ಚಿಯಿಂದ ಎದ್ದುನಿಂತೆ. ದೇವೀರಕ್ಕನ ಮಾತೂ ವಾಪಸು ಬರುತ್ತದೆ. ದನಿ ಇಲ್ಲದೆಯೂ ಬರುತ್ತದೆ.

ಅವಳ ಮೊಬೈಲಿನಲ್ಲಿ ಅವಳದೇ ಇಮೇಲು ಮಾಡಿಕೊಟ್ಟೆ, ಪಾಸ್‌ವರ್ಡನ್ನು ನಾನು ಅತ್ತ ತಿರುಗಿ ನಿಂತಾಗ ಅವಳೇ ಬರೆದಳು. ಶನಿವಾರ ವೆಬ್‌ಸೈಟು ತೆರೆದ ಕ್ಷಣ ಮೊದಲ ಹೆಸರು ಅವಳದು. ಬಾವಿ ಮಗ್ಗುಲಿನ ಜಾಗ ಆರಿಸಿ, ನಿಮ್ಮ ಮಾತಿನಲ್ಲಿ ಹೇಳಿ ಅನ್ನುವ ಕಡೆ ಒಂದೊಂದೇ ಅಕ್ಷರ ಒತ್ತಿ ಏನೋ ಬರೆದಳು, ನಾನು ಇಣುಕಲಿಲ್ಲ. ಆಮೇಲೆ ಊರೇ ಮುಗಿಬಿತ್ತು. ತಿಪ್ಪೇಸ್ವಾಮಿ ಮಧ್ಯಾಹ್ನ ಬಂದು ಅದೇ ಬಾವಿ ಮಗ್ಗುಲಿನ ಜಾಗ ಕೇಳಿದ. ಇಬ್ಬರು ಒಂದೇ ಜಾಗ ಕೇಳಿದರೆ ಮೊದಲು ಕೇಳಿದವರಿಗೆ; ಆದರೆ ಸೋಮವಾರ ಮಧ್ಯಾಹ್ನದೊಳಗೆ ಖಾತೆ ಚಾಲ್ತಿಯಾಗಿರಬೇಕು. ಇದು ಕಮಿಟಿಯ ಮಾತು. ಅಯ್ಯನವರ ಬಾಗಿಲಿಗೆ ಬಂದು, ಅವರು ‘ನನ್ನದೇ’ ಅಂದು ನೀರು ಹಾಕಿದ ಮಾತು. ಇನ್ನು ಅದನ್ನು ಅಲುಗಿಸುವವರಿಲ್ಲ.

ಕೆಲವರಿಗೆ ಇಮೇಲು ಸ್ಪ್ಯಾಮಿಗೆ ಹೋಗಿತ್ತು. ಹಿತ್ತಿಲ ಬಾಗಿಲಿಗೆ ಬಂದಿದೆ ನೋಡಿ ಅಂದೆ, ಎಲ್ಲರಿಗೂ ಒಂದೇ ಸಲಕ್ಕೆ ಅರ್ಥವಾಯಿತು. ಸಂಜೆ ಓಣಿಯಲ್ಲಿ ನಡೆದು ಹೋಗುವಾಗ ನನ್ನನ್ನು ಕಂಡವರೆಲ್ಲ ಬಂದಿದೆ, ಬಂದಿದೆ ಅನ್ನುತ್ತಿದ್ದರು. ನಾನು ಬೀಗಿದ್ದೇ ಬೀಗಿದ್ದು.

ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದಾಗಲೇ ಗಿರಣಿಯ ಮುಂದೆ ಜನ ಸೇರಿದ ಸದ್ದು ಕೇಳಿತು. ಎಲ್ಲರೂ ಸ್ನಾನ ಮಾಡಿ, ಮಡಿಯುಟ್ಟು, ಕೈಯಲ್ಲಿ ಮೊಬೈಲು ಹಿಡಿದು ನಿಂತಿದ್ದರು. ಎಲ್ಲರ ಪರದೆಯ ಮೇಲೂ ಒಂದೇ ಸಾಲು: ಈ ಲಿಂಕಿನ ಅವಧಿ ಮುಗಿದಿದೆ. ನಾನು ಹೊರಗೆ ಕಲಿತ ಪಾಠದಂತೆ ಲಿಂಕಿಗೆ ಒಂದು ಗಂಟೆಯ ಆಯುಷ್ಯ ಕೊಟ್ಟಿದ್ದೆ. ನಮ್ಮವರೋ, ರಾತ್ರಿ ಕಳೆಯದ ಮಾತಿಗೆ ‘ನನ್ನದೇ’ ಅನ್ನುವವರಲ್ಲ. ಆಡಿದ ದಿನವೇ ಒಪ್ಪಿಕೊಂಡ ಮಾತನ್ನು ಹಸಿ ಮಾತು ಅನ್ನುತ್ತಾರೆ, ಅದಕ್ಕೆ ಬೆಲೆ ಇಲ್ಲ. ಹಾಗಾಗಿ ಇಮೇಲು ಬಂದದ್ದನ್ನು ಕಣ್ಣಿಗೊತ್ತಿಕೊಂಡು, ಮೊಬೈಲನ್ನು ಹೊಸ್ತಿಲ ಪಕ್ಕ ಇಟ್ಟು, ಊಟ ಮಾಡಿ ಮಲಗಿದ್ದರು. ನಾನೂ ಈ ಊರಿನಲ್ಲೇ ಹುಟ್ಟಿದವಳು. ಏನು ಮಾಡುವುದು, ಕೈ ಕೀಬೋರ್ಡಿನ ಮೇಲಿದ್ದಾಗ ನಾನು ಊರಿನಲ್ಲಿರುವುದಿಲ್ಲ.

ಊರಿನವರ ಪೈಕಿ ಚಾಲ್ತಿಯಾಗಿದ್ದುದು ಒಂದೇ ಖಾತೆ. ತಿಪ್ಪೇಸ್ವಾಮಿ ಯಾವತ್ತೂ ಯಾವುದಕ್ಕೂ ಕಾದವನಲ್ಲ. ಬಸ್ಸು ನಿಲ್ಲುವ ಮೊದಲೇ ಇಳಿಯುವ ಆಸಾಮಿ. ಇಮೇಲು ಬಂದ ತಕ್ಷಣ ಒತ್ತಿದ್ದ. ಅವನು ಜಗುಲಿಗೆ ಒರಗಿಕೊಂಡು ನನ್ನದು ಆಗಿದೆಯಲ್ಲ ಅಂತ ಎಲ್ಲರಿಗೂ ತೋರಿಸುತ್ತಿದ್ದ.

ದೇವೀರಕ್ಕ ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಜನ ದಾರಿ ಬಿಟ್ಟರು. ಅವಳು ಮೊಬೈಲನ್ನು ನನಗೆ ಕೊಟ್ಟಳು. ನಾನು ಕಳಿಸಿದ್ದ ಇಮೇಲಿನಲ್ಲಿ ಇದ್ದದ್ದು ಇಷ್ಟೇ: ನಿಮ್ಮ ಖಾತೆಯನ್ನು ಸಕ್ರಿಯಗೊಳಿಸಲು ಇಲ್ಲಿ ಒತ್ತಿ. ಕೆಳಗೆ ಸತ್ತ ಲಿಂಕು. ಅವಳು ಸ್ಲೇಟಿನ ಮೇಲೆ ಬರೆದಳು: ‘ನನ್ನ ಮಾತು ಇದರಲ್ಲಿ ಎಲ್ಲಿದೆ?’ ಒಮ್ಮೆ ಆಸ್ಪತ್ರೆಯಲ್ಲಿದ್ದಾಗ ಅವಳ ಮಾತು ಬಾಗಿಲಲ್ಲಿ ಸತ್ತಿತ್ತು. ಎರಡನೇ ಸಲ ಅದನ್ನು ಕೊಂದವಳು ನಾನು.

ಕಮಿಟಿ ಅಲ್ಲೇ ಗಿರಣಿ ಮುಂದೆ ಕೂತಿತು. ಸೋಮವಾರದ ಗಡುವು ಮುಂದಕ್ಕೆ ಹಾಕಿ ಅಂದವರಿಗೆ ಅಯ್ಯನವರು ಆಗುವುದಿಲ್ಲ ಅಂತ ತಲೆಯಾಡಿಸಿದರು. ನಾನು ಅಂದೆ, ಮುಂದಕ್ಕೆ ಹಾಕುವುದೇನೂ ಬೇಡ, ಸೋಮವಾರ ಮಧ್ಯಾಹ್ನಕ್ಕೆ ಮುಂಚೆ ಇನ್ನೂ ಒಂದು ರಾತ್ರಿ ಇದೆ, ನಮಗೆ ಬೇಕಾದ್ದೂ ಒಂದೇ ರಾತ್ರಿ. ಹಳೆಯ ಲಿಂಕುಗಳನ್ನೆಲ್ಲ ರದ್ದು ಮಾಡಿ ಇವತ್ತೇ ಹೊಸದು ಕಳಿಸುತ್ತೇನೆ. ಕೇಳಿದ ಸರದಿ ಹಾಗೆಯೇ ಇರುತ್ತದೆ. ಹಸಿ ಮಾತು ಲೆಕ್ಕಕ್ಕಿಲ್ಲ, ಹಾಗಾಗಿ ತಿಪ್ಪೇಸ್ವಾಮಿಯ ಖಾತೆಯೂ ಮತ್ತೆ ಬಾಕಿ. ಜನ ಹೌದು ಹೌದು ಅಂದರು. ತಿಪ್ಪೇಸ್ವಾಮಿಯ ಮುಖ ಕೆಂಪಾಯಿತು.

“ಆಯ್ತು, ರದ್ದು ಮಾಡ್ರಿ. ಒಂದು ಮಾತು ಕೇಳ್ತೀನಿ, ಅದಕ್ಕೆ ಉತ್ತರ ಕೊಡ್ರಿ,” ಅಂದ. “ಬಾಗಿಲಿಗೆ ಮಾತು ಬಂದ್ರೆ ಓಣಿಯೆಲ್ಲ ಕೇಳಿಸ್ಕೊಳ್ತದೆ. ನನ್ನದೇ ಅಂದದ್ದನ್ನೂ ಕೇಳಿಸ್ಕೊಳ್ತದೆ. ಅತ್ತಿಗೆ ಬೆರಳಲ್ಲಿ ಒತ್ತಿದ್ದನ್ನ ಯಾರು ಕೇಳ್ತಾರೆ? ಯಾರಿಗೂ ಕೇಳದೇ ಇದ್ದದ್ದು ಮಾತು ಹೆಂಗಾಗ್ತದೆ?”

ಕೆಟ್ಟ ಪ್ರಶ್ನೆಯಲ್ಲ, ಅದೇ ಅದರ ಕಷ್ಟ. ಹಿರಿಯರು ಕೆಲವರು ಮುಖ ಮುಖ ನೋಡಿಕೊಂಡರು. ದೇವೀರಕ್ಕ ಸ್ಲೇಟನ್ನು ಸೆರಗಿನಿಂದ ಒರೆಸಿ ಕಂಕುಳಿಗೆ ಸೇರಿಸಿದಳು. ಅಯ್ಯನವರು ಎದ್ದು, ನಾಳೆ ಬೆಳಿಗ್ಗೆ ನೋಡೋಣ ಅಂದು ಹೊರಟರು.

ನಾನು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದೆ. ಕರೆಂಟು ಏರಿಳಿಯದಿರಲಿ ಅಂತ ಗಿರಣಿಯವರು ಅವತ್ತು ಬೀಸುವುದನ್ನೇ ನಿಲ್ಲಿಸಿದರು. ಎಲ್ಲ ವೆಬ್‌ಸೈಟುಗಳ ಲಿಂಕೂ ಹುಟ್ಟುವಾಗ ಬಿಸಿ, ಹೊತ್ತು ಕಳೆದಂತೆ ತಂಗಳು. ನನ್ನದು ತಿರುಗುಮುರುಗಾಗಿರಬೇಕಿತ್ತು. ಗುರುತಿನ ಪಕ್ಕ ಮುಗಿಯುವ ಸಮಯ ಒಂದೇ ಇದ್ದದ್ದಕ್ಕೆ ತೊಡಗುವ ಸಮಯವನ್ನೂ ಸೇರಿಸಿದೆ. ನಸುಕಿಗೆ ಮುಂಚೆ ಒತ್ತಿದರೆ ‘ಇನ್ನೂ ರಾತ್ರಿ ಕಳೆದಿಲ್ಲ’ ಅನ್ನಬೇಕು. ನಸುಕಿನಿಂದ ಮಧ್ಯಾಹ್ನದವರೆಗೆ ತೆರೆಯಬೇಕು. ಆಮೇಲೆ ಬೀಳಬೇಕು. ಇಂಥದನ್ನು ಬೇರೆ ಯಾರಾದರೂ ಮಾಡಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ, ಮಾಡುವಾಗ ಮಾತ್ರ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಇಮೇಲಿನ ಒಣ ಸಾಲನ್ನು ಕಿತ್ತುಹಾಕಿ, ಅವರವರು ಬರೆದ ಮಾತನ್ನೇ ಅಕ್ಷರ ಬದಲಿಸದೆ ಅಲ್ಲಿ ಕೂರಿಸಿದೆ. ಕೆಳಗೆ ಬರೀ ಲಿಂಕು ಇದ್ದ ಕಡೆ ಒಂದು ಗುಂಡಿ ಮಾಡಿ ಅದರ ಮೇಲೆ ‘ನನ್ನದೇ’ ಅಂತ ಬರೆದೆ. ನನ್ನ ಗಂಡ ಅನ್ನ ಕಲಸಿ ತಂದುಕೊಟ್ಟರು, ಎಡಗೈಯಲ್ಲಿ ಮೌಸು ಹಿಡಿದೇ ತಿಂದೆ. ಹೊತ್ತು ಮುಳುಗುವ ಮೊದಲು ಕೊನೆಯ ಇಮೇಲೂ ಹೋಯಿತು. ಕೆಳಗೆ ಡಂಗುರದವನು ಹಿತ್ತಿಲ ಬಾಗಿಲನ್ನೂ ನೋಡಿಕೊಳ್ಳಿರಪ್ಪೋ ಅಂತ ಸಾರುತ್ತಾ ಹೋದ.

ಸೋಮವಾರ ನಸುಕಿಗೆ ಎದ್ದು ಸಂತೆಬೀದಿಯಲ್ಲಿ ನಿಂತೆ. ನಿಂತ ಮೇಲೆ ತಿಳಿಯಿತು, ಇಂಥ ಬೆಳಗನ್ನು ನಮ್ಮೂರು ಕಂಡೇ ಇರಲಿಲ್ಲ. ಜಾಗ ಹಂಚುವ ದಿನ ಅಂದರೆ ಹಿಂದೆಲ್ಲ ಬಾಗಿಲು ಬಾಗಿಲಿಗೂ ಕೂಗು, ನನಗೆ ನನಗೆ ಅನ್ನುವ ದನಿಗಳು, ಅದರ ಮೇಲೆ ‘ನನ್ನದೇ’ಗಳು, ನಾಯಿಗಳು ಊರು ಬಿಟ್ಟು ಓಡುತ್ತಿದ್ದವು. ಅವತ್ತು ಒಂದೂ ದನಿ ಇಲ್ಲ. ಸಾಲು ಬಾಗಿಲುಗಳಲ್ಲಿ ಜನ ಕೂತಿದ್ದರು, ಪಕ್ಕದಲ್ಲಿ ನೀರಿನ ಚೊಂಬು, ಕೈಯಲ್ಲಿ ಮೊಬೈಲು. ತಲೆ ಬಗ್ಗಿಸಿ ಓದಿದರು, ಬೆರಳಲ್ಲಿ ಒತ್ತಿದರು, ಹೊಸ್ತಿಲಿಗೆ ನೀರು ಹಾಕಿದರು. ನೀರು ಬಿದ್ದ ಸದ್ದು ಒಂದೇ.

ತಿಪ್ಪೇಸ್ವಾಮಿಯೂ ಓಣಿಯಲ್ಲಿ ತನ್ನ ಕೋಣೆಯ ಬಾಗಿಲಲ್ಲಿ ಕೂತು ಒತ್ತಿ, ನೀರು ಹಾಕಿ ಸಂತೆಬೀದಿಗೆ ಬಂದ. ಅಯ್ಯನವರು ಕಮಿಟಿಯ ಕಚೇರಿ ಜಾಗಕ್ಕೆಂದು ತಾವು ಬರೆಸಿದ್ದ ಖಾತೆಯನ್ನು ಒತ್ತಿ ಮುಗಿಸಿ ಕೋಲೂರಿಕೊಂಡು ಅವನ ಎದುರಿಗೆ ನಿಂತರು. ಸುತ್ತ ಒಮ್ಮೆ ನೋಡಿದರು.

“ಒತ್ತಿದೆಯೇನಪ್ಪ ತಿಪ್ಪೇಸ್ವಾಮಿ?”

ಒತ್ತಿದೆ ಅಂದ.

“ನಿಂದು ನನಗೆ ಕೇಳಿಸಲಿಲ್ಲ,” ಅಂದರು ಅಯ್ಯನವರು. “ನಂದು ನಿನಗೆ ಕೇಳಿಸ್ತಾ?”

ತಿಪ್ಪೇಸ್ವಾಮಿ ಮೊಬೈಲನ್ನು ಜೇಬಿಗೆ ಇಳಿಸಿದ. ಅಯ್ಯನವರು ಸಂತೆಕಟ್ಟೆಯ ಕಡೆ ನಡೆದರು. ನನಗೆ ಕೇಕೆ ಹಾಕಬೇಕು ಅನ್ನಿಸಿತು, ಅಷ್ಟು ನಿಶ್ಶಬ್ದದಲ್ಲಿ ನಾಚಿಕೆಯಾಗಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೆ.

ಕೋಣೆಗೆ ಓಡಿ ಬಂದು ಪರದೆ ನೋಡಿದೆ. ಬಾಕಿ ಅಂತ ಇದ್ದದ್ದು ಒಂದೊಂದೇ ಚಾಲ್ತಿ ಆಗುತ್ತಾ ಇತ್ತು. ತಿಂಡಿಯ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮುಗಿದಿತ್ತು. ಎಲ್ಲರಿಗಿಂತ ಮೇಲಿನ ಸಾಲು, ಮೊದಲ ಹೆಸರು, ಅದು ಮಾತ್ರ ಇನ್ನೂ ಬಾಕಿ. ಪುಟವನ್ನು ಮತ್ತೆ ಮತ್ತೆ ತೆರೆದೆ. ಬಾಕಿ. ಇಮೇಲು ಹೋಗಿಲ್ಲವೇ ಅಂತ ನೋಡಿದೆ, ಹೋಗಿತ್ತು. ಹಿತ್ತಿಲ ಬಾಗಿಲಿಗೆ ಬಿದ್ದು ಅವಳು ನೋಡಿಲ್ಲವೇ? ಪಾಸ್‌ವರ್ಡು ಮರೆತಳೇ? ತಿಪ್ಪೇಸ್ವಾಮಿ ಮೊಬೈಲು ಕಿತ್ತುಕೊಂಡನೇ? ಬಿಸಿಲು ಏರುತ್ತಿತ್ತು. ಅವಳ ಸಾಲು ಮಧ್ಯಾಹ್ನದವರೆಗೆ ಹೀಗೇ ಇದ್ದರೆ ಅದು ಬೀಳುತ್ತದೆ, ಎರಡನೆಯವನಾದ ತಿಪ್ಪೇಸ್ವಾಮಿಗೆ ಜಾಗ ಹೋಗುತ್ತದೆ. ಅಷ್ಟೆಲ್ಲ ಕಷ್ಟಪಟ್ಟು ನಾನೇ ಕಂಪ್ಯೂಟರಿಗೆ ಬರೆದಿಟ್ಟ ನಿಯಮ ಅದು. ಚಪ್ಪಲಿ ಹಾಕಿಕೊಳ್ಳದೆ ಓಡಿದೆ.

ಅವಳ ಬಾಗಿಲು ತೆರೆದಿತ್ತು. ದನಿ ಹೋದ ಮೇಲೆ ನಸುಕಿನಲ್ಲಿ ಅವಳು ಆ ಬಾಗಿಲನ್ನು ತೆರೆದದ್ದನ್ನು ಓಣಿಯಲ್ಲಿ ಯಾರೂ ನೋಡಿರಲಿಲ್ಲ. ಬೇರೆಯವರ ಮಾತು ಬರುವುದನ್ನು ಕೇಳಲಾರದೆ ಹೊತ್ತೇರುವವರೆಗೆ ಅಗುಳಿ ಹಾಕಿಕೊಳ್ಳುತ್ತಿದ್ದಳು. ಈಗ ಹೊಸ್ತಿಲಿಗೆ ಅರಿಶಿನ ಬಳಿದು, ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲು ಬಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ದಳು. ತುಂಬಿದ ಚೊಂಬು ಪಕ್ಕದಲ್ಲಿತ್ತು. ಮೊಬೈಲು ತೊಡೆಯ ಮೇಲಿತ್ತು, ಪರದೆ ಉರಿಯುತ್ತಿತ್ತು. ನಾನು ಏದುಸಿರು ಬಿಡುತ್ತಾ, ಒತ್ತಕ್ಕ, ಯಾಕೆ ಒತ್ತಿಲ್ಲ, ಹೊತ್ತಾಯಿತು ಅಂತ ಒಂದೇ ಉಸಿರಿಗೆ ಅಂದೆ.

ಅವಳು ನನ್ನ ಕೈಹಿಡಿದು ಕೂರಿಸಿದಳು. ಸ್ಲೇಟು ತೆಗೆದುಕೊಂಡು ನಿಧಾನವಾಗಿ ಬರೆದಳು: ‘ಇರು. ಇಷ್ಟು ವರ್ಷದ ಮೇಲೆ ಬಂದಿದೆ. ಸ್ವಲ್ಪ ನೋಡ್ಕೊಳ್ತೀನಿ.’

ನಾನೂ ನೋಡಿದೆ. ಪರದೆಯ ಮೇಲೆ ಅವಳು ಶನಿವಾರ ಒಂದೊಂದೇ ಅಕ್ಷರ ಒತ್ತಿ ಬರೆದದ್ದು ಇತ್ತು: ‘ಏನೇ ಆಗಲಿ ಈ ಜಾಗ ನನ್ನದು, ನಾನೇ ನಡೆಸುತ್ತೇನೆ.’ ಅದೇ ಮಾತು, ಅಂದು ಇದೇ ಬಾಗಿಲಲ್ಲಿ ಕಾದು ಕಾದು ಬಿದ್ದುಹೋದದ್ದು. ನನಗೆ ಅಳು ಬಂತು, ಮರೆಮಾಚಲಿಲ್ಲ. ಅವಳು ಅಳಲಿಲ್ಲ. ಮನೆಗೆ ಬಂದ ನೆಂಟರನ್ನು ಮೇಲಿಂದ ಕೆಳಗೆ ನೋಡುವ ಹಾಗೆ ಇನ್ನೂ ಸ್ವಲ್ಪ ಹೊತ್ತು ಅದನ್ನು ನೋಡಿದಳು. ನಾನು ಬಾಯಿಮುಚ್ಚಿಕೊಂಡು ಕೂತೆ, ಬಿಸಿಲು ಏರುವುದಾದರೆ ಏರಲಿ ಅಂತ.

ಆಮೇಲೆ ಬೆರಳನ್ನು ಸೆರಗಿಗೆ ಒರೆಸಿಕೊಂಡು ‘ನನ್ನದೇ’ ಅನ್ನುವುದನ್ನು ಒತ್ತಿದಳು. ಚೊಂಬು ಎತ್ತಿ ಹೊಸ್ತಿಲಿಗೆ ನೀರು ಹಾಕಿದಳು, ಒಂದು ಹನಿ ಉಳಿಸದೆ. ನನ್ನ ಪಾದಗಳೂ ಒದ್ದೆಯಾದವು. ಎದ್ದು ಒಳಗೆ ಹೋಗಿ ಎಣ್ಣೆ ಬಾಣಲೆ, ಜಾಲರಿ, ಹಿಟ್ಟಿನ ಬೋಗುಣಿ ಒಂದೊಂದಾಗಿ ತಂದು ಜಗುಲಿಯ ಮೇಲಿಟ್ಟಳು. ಬಾಣಲೆಯನ್ನು ನನ್ನ ಕೈಗೆ ಕೊಟ್ಟು, ನಡೆ ಅಂತ ಕಣ್ಣಲ್ಲೇ ಹೇಳಿ, ಬಾವಿಯ ಕಡೆಗೆ ಹೊರಟಳು.